ಹಸಿರು ಕಂಡರೆ ಕಾಳು ಕಂಡಂತಲ್ಲ

(ಭರಮಸಾಗರದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಾನು ಪಂಡಿತನಲ್ಲ. ಊರೂರು ತಿರುಗಿ ಮಕ್ಕಳಿಗೆ ವಿಜ್ಞಾನದ ಪಾಠ ಹೇಳಿ ನಿವೃತ್ತನಾದ ಒಬ್ಬ ಮೇಷ್ಟ್ರು. "ಆಕಾಶದಿಂದ ಬೆಳೆ ಅಳೆಯುತ್ತಾರಂತೆ, ಅದೇನು ವಿಚಾರ, ನಮಗೆ ತಿಳಿಯುವ ಹಾಗೆ ಹೇಳಿ" ಎಂದು ಇಲ್ಲಿನ ಗೆಳೆಯರು ಕರೆದದ್ದರಿಂದ ಬಂದಿದ್ದೇನೆ. ಸಭೆಗೆ ಮುಂಚೆ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದಾಗ ಒಬ್ಬ ಹಿರಿಯರು ನನ್ನನ್ನು ಕೇಳಿದರು: "ಮೇಷ್ಟ್ರೆ, ನಮ್ಮ ಹೊಲ ಹಸಿರಾಗೈತೆ ಅಂತ ಮೇಲಿನ ಯಂತ್ರ ಹೇಳ್ತಂತೆ. ಮನೆಯಾಗೆ ನೋಡಿದ್ರೆ ಕಾಳಿಲ್ಲ. ಇದ್ರಾಗೆ ಯಾವುದು ನಿಜ?"

ಎರಡೂ ನಿಜ ಎಂದು ನಾನು ಉತ್ತರ ಕೊಟ್ಟೆ. ಅವರಿಗೆ ಸಮಾಧಾನವಾಗಲಿಲ್ಲ. ಆಗುವಂಥದೂ ಅಲ್ಲ. ಎರಡೂ ನಿಜವಾಗುವುದು ಹೇಗೆ, ಹಾಗಾದರೆ ಯಾವ ನಿಜದ ಮೇಲೆ ಪರಿಹಾರದ ಹಣ ನಿಲ್ಲಬೇಕು ಎಂಬುದನ್ನೇ ಈ ದಿನ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಬೆಳೆಯನ್ನು ಕಣ್ಣಿನಿಂದ ಅಳೆಯುವುದು ಹೊಸದಲ್ಲ. ನಮ್ಮ ಹಿರಿಯರ ಕಾಲದಲ್ಲಿ ಆಣೆವಾರಿ ಇತ್ತು. ಹದಿನಾರಾಣೆ ಬೆಳೆ, ಎಂಟಾಣೆ ಬೆಳೆ, ನಾಲ್ಕಾಣೆ ಬೆಳೆ ಎಂದು ಹೊಲ ನೋಡಿ ಬರೆದುಕೊಳ್ಳುತ್ತಿದ್ದರು. ಬರೆಯುವವರು ಏರಿಯ ಮೇಲೆ ನಿಂತು ನೋಡಿ ಬರೆದರೋ, ಹೊಲಕ್ಕೆ ಇಳಿದು ನೋಡಿ ಬರೆದರೋ, ಚಾವಡಿಯಲ್ಲಿ ಕುಳಿತೇ ಬರೆದರೋ, ಯಾರು ಕೇಳುವವರು? ಒಬ್ಬನ ಲೇಖನಿಯ ತುದಿಯಲ್ಲಿ ಊರಿನ ಆರಾಣೆ ಹತ್ತಾಣೆಯಾಗುತ್ತಿತ್ತು. ಆಮೇಲೆ ಬೆಳೆ ಕಟಾವು ಪ್ರಯೋಗ ಬಂತು. ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಹೊಲಗಳನ್ನು ಆರಿಸಿ, ಅದರಲ್ಲಿ ಒಂದು ಸಣ್ಣ ಚೌಕ ಗುರುತು ಹಾಕಿ, ಕೊಯ್ದು, ಬಡಿದು, ತೂಗಿ ನೋಡುವ ಪದ್ಧತಿ ಅದು. ಮಹಾಲನೋಬಿಸ್, ಸುಖಾತ್ಮೆ ಎಂಬ ನಮ್ಮ ದೇಶದ ಸಂಖ್ಯಾಶಾಸ್ತ್ರಜ್ಞರು ಅದಕ್ಕೆ ಶಾಸ್ತ್ರದ ಬುನಾದಿ ಹಾಕಿದರು. ಈಗ ಮೂರನೆಯದು ಬಂದಿದೆ. ಎಲೆಯ ಮೇಲೆ ಬಿದ್ದು ಹಿಂತಿರುಗುವ ಬೆಳಕನ್ನೇ ಅಳೆದು ಬೆಳೆಯ ಸ್ಥಿತಿ ಹೇಳುವ ವಿದ್ಯೆ.

ಈ ವಿದ್ಯೆಯಲ್ಲಿ ಮಾಟವಿಲ್ಲ. ಅರ್ಧ ಭಾಗವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮಕ್ಕಳು ಆಡುವ ಕೆಂಪು ಬಣ್ಣದ ತೆಳು ಗಾಜುಕಾಗದ ಒಂದು ತುಂಡು ತೆಗೆದುಕೊಳ್ಳಿ. ಅದನ್ನು ಕಣ್ಣಿಗೆ ಹಿಡಿದು ಸೊಂಪಾಗಿ ಬೆಳೆದ ಮೆಕ್ಕೆಜೋಳದ ಎಲೆಯನ್ನು ನೋಡಿ. ಎಲೆ ಕಪ್ಪಗೆ ಕಾಣುತ್ತದೆ. ಪಕ್ಕದಲ್ಲಿ ಒಣಗಿದ ಎಲೆಯೊಂದನ್ನು ಹಿಡಿಯಿರಿ. ಅದು ಬೆಳ್ಳಗೆ ಕಾಣುತ್ತದೆ. ಕಾರಣವೇನು? ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಕೂಡಿವೆ. ಅದರಲ್ಲಿ ಕೆಂಪನ್ನೂ ನೀಲಿಯನ್ನೂ ಎಲೆಯ ಹಸಿರು ದ್ರವ್ಯ, ಅಂದರೆ ಪತ್ರಹರಿತ್ತು, ತನ್ನ ಅಡಿಗೆಗೆ ಉಪಯೋಗಿಸಿಕೊಳ್ಳುತ್ತದೆ. ಹಸಿರನ್ನು ಅಷ್ಟಾಗಿ ಬಳಸದೆ ಹೆಚ್ಚು ಪಾಲು ಬಿಟ್ಟುಕೊಡುತ್ತದೆ. ಆದ್ದರಿಂದಲೇ ಎಲೆ ನಮಗೆ ಹಸಿರು. ಆರೋಗ್ಯವಂತ ಎಲೆ ಕೆಂಪನ್ನು ನುಂಗುತ್ತದೆ. ಒಣಗಿದ್ದಕ್ಕೆ ಹಸಿವಿಲ್ಲ, ಅದು ಕೆಂಪನ್ನು ವಾಪಸು ಕಳುಹಿಸುತ್ತದೆ.

ಇನ್ನರ್ಧ ನಮ್ಮ ಕಣ್ಣಿಗೆ ಕಾಣದ ಬೆಳಕಿನ ವಿಚಾರ. ಟಿವಿಯ ರಿಮೋಟಿನ ಮೂತಿಯನ್ನು ನೋಡುತ್ತ ಗುಂಡಿ ಒತ್ತಿ, ಏನೂ ಕಾಣದು. ಅದನ್ನೇ ಮೊಬೈಲಿನ ಕ್ಯಾಮೆರಾದಲ್ಲಿ ನೋಡಿ. ಎಷ್ಟೋ ಮೊಬೈಲುಗಳಲ್ಲಿ ಮಿಣುಕು ದೀಪವೊಂದು ಕಾಣುತ್ತದೆ. ಅದು ಅವಕೆಂಪು ಬೆಳಕು, ಕೆಂಪಿನ ಆಚೆಗಿನದು. ಬಿಸಿಲಿನಲ್ಲೂ ಅದು ಧಾರಾಳವಾಗಿದೆ. ಕೆಂಪಿಗೆ ಹತ್ತಿರದ ಈ ಅವಕೆಂಪು ಎಲೆಗೆ ಅಡಿಗೆಗೆ ಬಾರದ ಸೌದೆ. ಎಲೆಯ ಒಳಗೆ ಗಾಳಿಯ ಸಂದುಗಳಿಂದ ಕೂಡಿದ ಬೆಂಡಿನಂಥ ಪದರವಿದೆ. ಅದಕ್ಕೆ ತಾಗಿದ ಅವಕೆಂಪಿನ ಸುಮಾರು ಅರ್ಧ ಪಾಲು ಚದರಿ ಮೇಲಕ್ಕೆ ವಾಪಸಾಗುತ್ತದೆ. ಎಲೆ ಬಾಡಿ ಒಳಗಿನ ರಚನೆ ಕುಸಿದರೆ, ಹೊಲದಲ್ಲಿ ಎಲೆಯ ಹೊದಿಕೆ ತೆಳುವಾದರೆ, ಈ ಪಾಲು ಇಳಿಯುತ್ತದೆ.

ಈಗ ಲೆಕ್ಕ ಸುಲಭ. ನೂರು ಪಾಲು ಬೆಳಕು ಬಿದ್ದರೆ ಸೊಂಪಾದ ಬೆಳೆ ಕೆಂಪಿನಲ್ಲಿ 5 ಪಾಲು, ಅವಕೆಂಪಿನಲ್ಲಿ 45 ಪಾಲು ಹಿಂದಿರುಗಿಸಿತು ಎನ್ನಿ. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 40. ಎರಡನ್ನೂ ಕೂಡಿದರೆ 50. ನಲವತ್ತನ್ನು ಐವತ್ತರಿಂದ ಭಾಗಿಸಿದರೆ 0.80. ಬಾಡಿದ ಬೆಳೆ ಕೆಂಪಿನಲ್ಲಿ 20, ಅವಕೆಂಪಿನಲ್ಲಿ 30 ಕೊಟ್ಟಿತೆನ್ನಿ. ಕಳೆದರೆ 10, ಕೂಡಿದರೆ 50, ಭಾಗಿಸಿದರೆ 0.20. ಇಂಗ್ಲಿಷಿನಲ್ಲಿ ಎನ್‌ಡಿವಿಐ ಎಂದು ದೊಡ್ಡ ಹೆಸರಿಟ್ಟು ಕರೆಯುವ ಅಂಕಿ ಇಷ್ಟೆ. ನಾವು ಇದನ್ನು ಹಸಿರಂಕಿ ಎನ್ನೋಣ. ಬರೀ ನೆಲಕ್ಕೆ ಹಸಿರಂಕಿ ಕಡಿಮೆ, ತುಂಬು ಬೆಳೆಗೆ ಹೆಚ್ಚು. ಕಳೆಯುವುದು, ಕೂಡುವುದು, ಭಾಗಿಸುವುದು. ನಾಲ್ಕನೆಯ ತರಗತಿಯ ಮಗು ಮಾಡತಕ್ಕ ಲೆಕ್ಕ. ಇದು ನಮಗೆ ತಿಳಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈ ವಿದ್ಯೆಯ ಮೂಲ ಯುದ್ಧದಲ್ಲಿದೆ ಎಂದರೆ ಆಶ್ಚರ್ಯವಾದೀತು. ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳು ಟ್ಯಾಂಕುಗಳ ಮೇಲೆ ಹಸಿರು ಬಣ್ಣ ಬಳಿದು, ಹಸಿರು ಬಟ್ಟೆ ಹೊದಿಸಿ ಅಡಗಿಸುತ್ತಿದ್ದರು. ಅವಕೆಂಪನ್ನು ಹಿಡಿಯುವ ಫಿಲ್ಮಿನಲ್ಲಿ ನಿಜವಾದ ಎಲೆ ಒಂದು ಬಣ್ಣವಾಗಿ, ಬಳಿದ ಹಸಿರು ಇನ್ನೊಂದು ಬಣ್ಣವಾಗಿ ಕಾಣುತ್ತಿತ್ತು. ಕೊಲ್ಲುವುದಕ್ಕೆ ಹುಟ್ಟಿದ ಆ ಫಿಲ್ಮನ್ನು ನಮ್ಮ ದೇಶದಲ್ಲಿ ತೆಂಗಿನ ತೋಟಕ್ಕೆ ತಿರುಗಿಸಿದವರು ಪಿ. ಆರ್. ಪಿಷಾರಟಿ. 1970ರ ಸುಮಾರಿಗೆ ಅವರೂ ಸಂಗಡಿಗರೂ ಕೇರಳದಲ್ಲಿ ಹೆಲಿಕಾಪ್ಟರಿನಿಂದ ತೆಂಗಿನ ತೋಟಗಳ ಚಿತ್ರ ತೆಗೆದು, ಬೇರು ಸೊರಗು ರೋಗ ತಗುಲಿದ ಮರಗಳನ್ನು ಬಣ್ಣದ ವ್ಯತ್ಯಾಸದಿಂದ ಗುರುತಿಸಿದರು. ಭಾರತದಲ್ಲಿ ದೂರಸಂವೇದನೆ ಹುಟ್ಟಿದ್ದು ರೈತನ ತೋಟದ ಮೇಲೆ ಎಂಬುದನ್ನು ನಾವು ನೆನಪಿನಲ್ಲಿಡಬೇಕು. 1972ರಲ್ಲಿ ಅಮೆರಿಕದವರ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿತು; ಅದರ ಚಿತ್ರಗಳಿಂದಲೇ ಈ ಹಸಿರಂಕಿ ಬಳಕೆಗೆ ಬಂತು. 1988ರ ಮಾರ್ಚ್ 17ರಂದು ನಮ್ಮದೇ ಐಆರ್‌ಎಸ್-1ಎ ಮೇಲಕ್ಕೆ ಹೋಯಿತು. ಅದೇ 1988ರಲ್ಲಿ ಕರ್ನಾಟಕದಲ್ಲಿ ಬರ ನಿಗಾ ಘಟಕ ಆರಂಭವಾಯಿತು. ಇಂದು ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 2012ರಲ್ಲಿ ದೆಹಲಿಯಲ್ಲಿ ಬೆಳೆ ಮುನ್ಸೂಚನೆಗೆಂದೇ ಮಹಾಲನೋಬಿಸರ ಹೆಸರಿನ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಯಿತು.

ಉಪಗ್ರಹ ಒಂದೊಂದು ಗಿಡವನ್ನು ನೋಡುವುದಿಲ್ಲ. ನೆಲವನ್ನು ಚೌಕಗಳಾಗಿ ಮಾಡಿ, ಒಂದು ಚೌಕಕ್ಕೆ ಒಂದು ಅಂಕಿ ಕೊಡುತ್ತದೆ. ಯೂರೋಪಿನವರ ಸೆಂಟಿನೆಲ್-2 ಉಪಗ್ರಹದ ಚೌಕ ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಗುಂಟೆ. ಅಂದರೆ ಒಂದು ಎಕರೆಗೆ ನಲವತ್ತು ಅಂಕಿ. 2015ರಲ್ಲಿ ಮೊದಲನೆಯದು, 2017ರಲ್ಲಿ ಎರಡನೆಯದು ಹಾರಿದ ಮೇಲೆ ಎರಡೂ ಕೂಡಿ ಐದು ದಿನಕ್ಕೊಮ್ಮೆ ಅದೇ ಹೊಲವನ್ನು ನೋಡುವಂತಾಯಿತು. ಅದರ ಚಿತ್ರ ಯಾರಿಗಾದರೂ ಪುಕ್ಕಟೆ. ಲ್ಯಾಂಡ್‌ಸ್ಯಾಟಿನ ಚೌಕ ಸುಮಾರು ಒಂಬತ್ತು ಗುಂಟೆ. ಇನ್ನು ಕೆಲವು ಉಪಗ್ರಹಗಳ ಚೌಕ 250 ಮೀಟರಿನದು. ಅಂದರೆ ಹದಿನೈದೂವರೆ ಎಕರೆಗೆ ಒಂದೇ ಅಂಕಿ. ಸಣ್ಣ ಚೌಕದವು ಬರುವ ಮುಂಚಿನಿಂದಲೂ ತಾಲ್ಲೂಕು, ಜಿಲ್ಲೆಗಳ ಬರದ ಲೆಕ್ಕಕ್ಕೆ ಇಂಥ ಒರಟು ಚೌಕಗಳನ್ನು ಬಳಸುವ ರೂಢಿ ಇದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಕಣ್ಣಿನ ಗುಣವನ್ನು ಮೊದಲು ಹೇಳುತ್ತೇನೆ. ದೋಷವನ್ನೇ ಹೇಳುವುದು ನ್ಯಾಯವಲ್ಲ.

ಒಂದೇ ದಿನ ಬಿತ್ತಿದ, ಒಂದೇ ಮಣ್ಣಿನ, ಒಂದೇ ತಳಿಯ ಹೊಲದಲ್ಲಿ ಒಂದು ಮೂಲೆಯ ಅಂಕಿ ಕೆಳಗಿಳಿದರೆ, ಅಲ್ಲಿ ಏನೋ ಆಗಿದೆ ಎಂಬುದು ಖಂಡಿತ. ನೀರು ನಿಂತಿರಬಹುದು, ಚೌಳು ಇರಬಹುದು, ಗೊಬ್ಬರ ಸಾಲದಿರಬಹುದು, ಹುಳು ಹೊಕ್ಕಿರಬಹುದು. ಏನಾಗಿದೆ ಎಂದು ಅದು ಹೇಳದು. ಎಲ್ಲಿ ಹೋಗಿ ನೋಡಬೇಕು ಎಂದು ಹೇಳುತ್ತದೆ. ಆಳೆತ್ತರ ಬೆಳೆದ ನಾಲ್ಕೆಕರೆ ಮೆಕ್ಕೆಜೋಳದ ನಡುವೆ ಏನಾಗಿದೆ ಎಂಬುದು ಬದುವಿನ ಮೇಲೆ ನಿಂತವನಿಗೆ ಕಾಣುವುದಿಲ್ಲ. ಮೇಲಿನ ಕಣ್ಣಿಗೆ ಕಾಣುತ್ತದೆ. ಇದೇ ಲೆಕ್ಕವನ್ನು ಕೈಯಲ್ಲಿ ಹಿಡಿದು ಮಾಡುವ ಸಣ್ಣ ಯಂತ್ರಗಳೂ ಇವೆ. ಬೆಳೆಯ ಮೇಲೆ ತಾನೇ ಬೆಳಕು ಬಿಟ್ಟು, ಹಿಂದಿರುಗಿದ್ದನ್ನು ಅಳೆದು, ಯೂರಿಯಾ ಬೇಕೋ ಬೇಡವೋ ಎಂದು ನಿರ್ಣಯಿಸಲು ಸಹಾಯ ಮಾಡುತ್ತವೆ. ಭತ್ತದ ರೈತರಿಗೆ ಎಲೆಯ ಬಣ್ಣ ಹೋಲಿಸಿ ನೋಡುವ ಪಟ್ಟಿ ಇದೆ. ನಾಲ್ಕಾರು ಹಸಿರು ಬಣ್ಣದ ಗೆರೆಗಳ ಅಗ್ಗದ ಪ್ಲಾಸ್ಟಿಕ್ ಪಟ್ಟಿ. ತತ್ವ ಒಂದೇ. ವೃಥಾ ಸುರಿದ ಯೂರಿಯಾ ಮೂಟೆಯ ಹಣ ಯಾರದು? ನಮ್ಮದೇ. ಆದ್ದರಿಂದ ಈ ವಿದ್ಯೆಯನ್ನು ಬೇಡವೆನ್ನುವುದು ದಡ್ಡತನ.

ಇನ್ನೂ ದೊಡ್ಡ ಗುಣವೊಂದಿದೆ. ಈ ಕಣ್ಣಿಗೆ ಜಾತಿ ಗೊತ್ತಿಲ್ಲ, ದೊಡ್ಡ ಹಿಡುವಳಿ ಚಿಕ್ಕ ಹಿಡುವಳಿ ಗೊತ್ತಿಲ್ಲ, ಮನೆಯಲ್ಲಿ ಊಟಕ್ಕೆ ಕೂರಿಸಿದವರು ಯಾರು ಎಂದು ಗೊತ್ತಿಲ್ಲ. ಹಳೆಯ ಆಣೆವಾರಿಯ ಕಣ್ಣಿಗೆ ಇದೆಲ್ಲ ಗೊತ್ತಿತ್ತು. ಹೋದ ವರ್ಷ, ಅದರ ಹಿಂದಿನ ವರ್ಷ, ಹತ್ತು ವರ್ಷದ ಹಿಂದೆ ಇದೇ ಹದಿನೈದು ದಿನದಲ್ಲಿ ಈ ಪ್ರದೇಶ ಹೇಗಿತ್ತು ಎಂಬ ಲೆಕ್ಕವೂ ಅದರ ಬಳಿ ಇದೆ. ಉದಾಹರಣೆಗೆ, ಹಿಂದಿನ ವರ್ಷಗಳಲ್ಲಿ ಅತಿ ಕಡಿಮೆ 0.30, ಅತಿ ಹೆಚ್ಚು 0.70, ಈ ಸಲ 0.40 ಎಂದಾದರೆ, ನಲವತ್ತು ಪಾಲಿನ ಅಂತರದಲ್ಲಿ ನಾವು ಹತ್ತು ಪಾಲು ಮಾತ್ರ ಮೇಲೆ ಇದ್ದೇವೆ. ಅಂದರೆ ನೂರಕ್ಕೆ 25. ಅರವತ್ತರ ಮೇಲಿದ್ದರೆ ಒಳ್ಳೆಯದು, ನಲವತ್ತರ ಕೆಳಗಿಳಿದರೆ ಕೆಟ್ಟದ್ದು. 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಬರ ನಿರ್ವಹಣಾ ಕೈಪಿಡಿಯಲ್ಲಿ ಮಳೆ, ಬಿತ್ತನೆ, ಮಣ್ಣಿನ ತೇವ, ನೀರಿನ ಸಂಗ್ರಹಗಳ ಜೊತೆಗೆ ಈ ಬೆಳಕಿನ ಅಂಕಿಗಳಿಗೂ ಸ್ಥಾನ ಕೊಟ್ಟಿದ್ದಾರೆ. ಆದ್ದರಿಂದ ಇದು ಪ್ರಯೋಗಶಾಲೆಯ ಆಟವಲ್ಲ. ನಿಮ್ಮ ತಾಲ್ಲೂಕು ಬರಪೀಡಿತವೋ ಅಲ್ಲವೋ ಎಂಬ ತೀರ್ಪಿನಲ್ಲಿ ಇದೂ ಒಂದು ಸಾಕ್ಷಿ.

ಸಾಕ್ಷಿಯೆಂದ ಮೇಲೆ ಪಾಟೀಸವಾಲು ಬೇಕು. ಅದನ್ನು ಈಗ ಮಾಡೋಣ.

ಮೊದಲನೆಯ ಪ್ರಶ್ನೆ: ಸ್ವಾಮಿ, ನೀವು ಕಂಡದ್ದು ಏನು? ಎಲೆಯನ್ನು ಕಂಡೆ ಎನ್ನುತ್ತದೆ. ಕಾಳನ್ನು ಕಂಡೆಯಾ? ಇಲ್ಲ. ಮೆಕ್ಕೆಜೋಳ ಸೂಲಂಗಿ ಒಡೆದು, ತೆನೆಯ ರೇಷ್ಮೆ ಹೊರಬರುವ ಹತ್ತು ಹದಿನೈದು ದಿನ ನೀರಿಲ್ಲದಿದ್ದರೆ ಕಾಳು ಕಟ್ಟುವುದಿಲ್ಲ. ಆಮೇಲೆ ಒಂದು ಹದ ಮಳೆ ಬಿದ್ದರೆ ಎಲೆ ಮತ್ತೆ ಚಿಗುರಿದಂತೆ ಹಸಿರಾಗುತ್ತದೆ. ತೆನೆ ಮಾತ್ರ ಬೊಕ್ಕು. ಮೇಲಿನಿಂದ ನೋಡಿದರೆ ಹೊಲ ತುಂಬಿದೆ. ಸಿಪ್ಪೆ ಬಿಚ್ಚಿದರೆ ಅಲ್ಲೊಂದು ಇಲ್ಲೊಂದು ಕಾಳು. 2018ರಲ್ಲಿ ನಮ್ಮ ನೆರೆಯ ಶಿವಮೊಗ್ಗದಲ್ಲಿ ಭಾರತದಲ್ಲೇ ಮೊದಲು ಕಂಡುಬಂದ ಫಾಲ್ ಸೈನಿಕ ಹುಳು ಸುಳಿಯ ಒಳಗೆ ಕುಳಿತು ತಿನ್ನುತ್ತದೆ. ಅದು ಸುಳಿಯನ್ನು ಮುಗಿಸುವ ಹೊತ್ತಿಗೆ ಹೊರಗಿನ ಹಳೆಯ ಎಲೆಗಳು ಹಸಿರಾಗಿಯೇ ಇರಬಹುದು.

ಎರಡನೆಯ ಪ್ರಶ್ನೆ ನಮ್ಮ ಜಿಲ್ಲೆಗೇ ವಿಶೇಷವಾದದ್ದು. ಚಳ್ಳಕೆರೆ, ಹಿರಿಯೂರು ಸೀಮೆಯ ಬದುಕು ಶೇಂಗಾದ ಮೇಲೆ ನಿಂತಿದೆ. ಈ ಭಾಗದಲ್ಲಿ ಈರುಳ್ಳಿ ಬೆಳೆಯುವವರು ಬಹಳ. ಶೇಂಗಾದ ಹೂವು ಬಾಡಿದ ಮೇಲೆ ಅದರ ಎಳೆಯ ದಂಟು ಮಣ್ಣಿಗಿಳಿದು ಅಲ್ಲಿ ಕಾಯಿ ಕಟ್ಟುತ್ತದೆ. ಆಗ ಮೇಲ್ಮಣ್ಣು ಒಣಗಿ ಗಟ್ಟಿಯಾಗಿದ್ದರೆ ದಂಟು ಇಳಿಯುವುದಿಲ್ಲ, ಕಾಯಿ ಇಲ್ಲ. ಬಳ್ಳಿ ಭರ್ತಿ, ಬುಡ ಖಾಲಿ. ಇದನ್ನು ಕಿತ್ತು ನೋಡಿದ ಹೆಣ್ಣುಮಕ್ಕಳಿಗೆ ನಾನು ಹೇಳಬೇಕಾಗಿಲ್ಲ. ಮಣ್ಣಿನ ಒಳಗಿನದನ್ನು ಯಾವ ಬೆಳಕು ಅಳೆಯಬಲ್ಲುದು? ಈರುಳ್ಳಿಯದು ಇದಕ್ಕೆ ತದ್ವಿರುದ್ಧ. ಅದರ ಎಲೆ ತೆಳು, ನಡುವೆ ಮಣ್ಣೇ ಹೆಚ್ಚು ಕಾಣುತ್ತದೆ. ಗೆಡ್ಡೆ ಬಲಿತಾಗ ಎಲೆ ಒರಗಿ ಒಣಗುತ್ತದೆ. ಬೆಳೆ ಚೆನ್ನಾಗಿ ಬಲಿತ ವೇಳೆಯಲ್ಲೇ ಹಸಿರಂಕಿ ಬೀಳುತ್ತದೆ! ಬಿತ್ತಿದ ದಿನ ತಿಳಿಯದೆ, ಬೆಳೆ ಯಾವುದೆಂದು ತಿಳಿಯದೆ ಅಂಕಿಯನ್ನು ಓದುವವನು ಇದ್ದದ್ದನ್ನು ಇಲ್ಲವೆನ್ನುತ್ತಾನೆ, ಇಲ್ಲದ್ದನ್ನು ಇದೆ ಎನ್ನುತ್ತಾನೆ.

ಮೂರನೆಯದು, ಯಾರ ಹಸಿರು? ಒರಟು ಚೌಕದ ಮಾತು ನೆನಪಿಡಿ ಎಂದೆನಲ್ಲ. ಆ ಹದಿನೈದೂವರೆ ಎಕರೆಯಲ್ಲಿ ಅರ್ಧ ಕೊಳವೆಬಾವಿಯ ಅಡಿಕೆ ತೋಟ, ಅರ್ಧ ಮಳೆಯಾಶ್ರಯದ ಮೆಕ್ಕೆಜೋಳ ಎನ್ನಿ. ತೋಟದ ಅಂಕಿ 0.70, ಒಣಗಿದ ಜೋಳದ ಅಂಕಿ 0.20. ಸರಾಸರಿ 0.45. ನೀರಿರುವವನ ಹಸಿರು, ನೀರಿಲ್ಲದವನ ಬರವನ್ನು ಮುಚ್ಚಿಹಾಕಿತು. ಬರಗಾಲದಲ್ಲೂ ಹಸಿರಾಗಿ ನಿಲ್ಲುವ ಬಳ್ಳಾರಿ ಜಾಲಿ, ಒಂದು ತುಂತುರಿಗೆ ಹೊಲವೆಲ್ಲ ಹಬ್ಬುವ ಪಾರ್ಥೇನಿಯಂ ಕಳೆ, ಇವೂ ಬೆಳಕಿನ ಕಣ್ಣಿಗೆ ಹಸಿರೇ. ಉಳ್ಳವನ ಹಸಿರಿನಲ್ಲಿ ಇಲ್ಲದವನ ನಷ್ಟ ಕರಗಿಹೋಗುವುದು ಲೆಕ್ಕದಲ್ಲಿ ಮಾತ್ರವಲ್ಲ, ಸಮಾಜದಲ್ಲೂ ನಡೆಯುವುದೆಂದು ನಾವು ಬಲ್ಲೆವು. ಆದರೆ ಲೆಕ್ಕದಲ್ಲಿ ಆದದ್ದನ್ನು ತಿದ್ದುವುದು ಸುಲಭ: ಚೌಕ ಚಿಕ್ಕದಾಗಲಿ, ಬೆಳೆವಾರು ಬೇರೆ ಬೇರೆ ಲೆಕ್ಕವಾಗಲಿ. ಗುಂಟೆಯಷ್ಟು ಚೌಕ ಇಂದು ಪುಕ್ಕಟೆ ಸಿಗುತ್ತಿರುವಾಗ ಹದಿನೈದು ಎಕರೆಯ ಸರಾಸರಿಗೆ ನಾವೇಕೆ ಒಪ್ಪಬೇಕು?

ನಾಲ್ಕನೆಯದು ಮಣ್ಣು ಮತ್ತು ಮೋಡ. ಈ ಹೋಬಳಿಯಲ್ಲಿ ಕೆಂಪು ನೆಲವೂ ಉಂಟು, ಎರೆಯೂ ಉಂಟು. ಬೆಳೆ ಇನ್ನೂ ಎಳೆಯದಾಗಿ ನಡುವೆ ಮಣ್ಣು ಕಾಣುವಾಗ, ಒಂದೇ ಪ್ರಮಾಣದ ಬೆಳೆಗೆ ಕಪ್ಪು ಮಣ್ಣಿನಲ್ಲಿ ಅಂಕಿ ಹೆಚ್ಚು ಬರುತ್ತದೆ, ತಿಳಿ ಮಣ್ಣಿನಲ್ಲಿ ಕಡಿಮೆ. ಇದನ್ನು ಸರಿಪಡಿಸುವ ಸೂತ್ರಗಳನ್ನು 1988ರಷ್ಟು ಹಿಂದೆಯೇ ವಿಜ್ಞಾನಿಗಳು ಕೊಟ್ಟಿದ್ದಾರೆ. ಬಳಸಿದ್ದಾರೋ ಇಲ್ಲವೋ ಎಂದು ಕೇಳುವುದು ನಮ್ಮ ಹಕ್ಕು. ಬೆಳೆ ಒತ್ತಾಗಿ ಬೆಳೆದು ಅಂಕಿ 0.80 ದಾಟಿದ ಮೇಲೆ ಇನ್ನಷ್ಟು ಎಲೆ ಸೇರಿದರೂ ಅಂಕಿ ಹೆಚ್ಚು ಏರದು. ತುಂಬಿದ ಬಿಂದಿಗೆಗೆ ನೀರು ಸುರಿದ ಹಾಗೆ. ಇನ್ನು ಮುಂಗಾರಿನಲ್ಲಿ ಮೋಡ ಕವಿದರೆ ಈ ಕಣ್ಣು ಕುರುಡು. ಅದಕ್ಕಾಗಿ ಹದಿನೈದು ದಿನದ ಚಿತ್ರಗಳಲ್ಲಿ ಅತಿ ಹಸಿರಾಗಿ ಕಂಡ ದಿನದ ಅಂಕಿಯನ್ನು ಇಟ್ಟುಕೊಳ್ಳುವ ಪದ್ಧತಿ ಇದೆ. ಮೋಡ ಅಂಕಿಯನ್ನು ಇಳಿಸುವುದರಿಂದ ಅದು ತರ್ಕಬದ್ಧವೇ. ಆದರೆ ಆ ಹದಿನೈದು ದಿನಗಳ ಪೈಕಿ ನಮ್ಮ ಅತ್ಯುತ್ತಮ ದಿನವೇ ದಾಖಲೆಗೆ ಹೋಗುತ್ತದೆ ಎಂಬುದನ್ನೂ ತಿಳಿದಿರಬೇಕು. ಮೋಡವನ್ನು ತೂರಿ ನೋಡುವ ರೇಡಾರ್ ಉಪಗ್ರಹಗಳೂ ಬಂದಿವೆ. 2025ರ ಜುಲೈ 30ರಂದು ಇಸ್ರೋ ಮತ್ತು ನಾಸಾ ಸೇರಿ ಹಾರಿಸಿದ ನಿಸಾರ್ ಅಂಥದೊಂದು. ಮುಂದೆ ಅದರಿಂದ ಸಹಾಯವಾಗಬಹುದು.

ಇವೆಲ್ಲ ಪುಸ್ತಕದ ಮಾತು ಎನ್ನಬೇಡಿ. 2023ನೆಯ ಇಸವಿಯನ್ನು ನೆನಪು ಮಾಡಿಕೊಳ್ಳಿ. ಮುಂಗಾರು ತಡವಾಯಿತು. ಜುಲೈಯಲ್ಲಿ ಮಳೆ ಬಂತು, ಬಿತ್ತಿದೆವು, ಹೊಲ ಹಸಿರಾಯಿತು. ಆಗಸ್ಟಿನಲ್ಲಿ ಆಶ್ಲೇಷ, ಮಘೆ ಎರಡೂ ಕೈಕೊಟ್ಟವು. 1901ರಿಂದ ಲೆಕ್ಕವಿಟ್ಟ ಮೇಲೆ ಇಡೀ ದೇಶಕ್ಕೆ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ಆಮೇಲಿನ ಚೂರುಪಾರು ಮಳೆಗೆ ಎಲೆ ನಿಂತಿತು, ಕಾಳು ನಿಲ್ಲಲಿಲ್ಲ. ರಾಜ್ಯ ಸರ್ಕಾರದವರು ಇದಕ್ಕೆ "ಹಸಿರು ಬರ" ಎಂದು ಹೆಸರಿಟ್ಟರು. ಹೊಲ ಹಸಿರಾಗಿ ಕಂಡರೂ ಇಳುವರಿ ಇಲ್ಲವೆಂದು ಕೇಂದ್ರದವರ ಮುಂದೆ ವಾದಿಸಿದರು. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. 48 ಲಕ್ಷ ಹೆಕ್ಟೇರಿನ ಬೆಳೆ ಹಾನಿಯೆಂದು ರಾಜ್ಯ ಲೆಕ್ಕ ಕೊಟ್ಟಿತು. ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. ತಡವಾದಾಗ 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಏಪ್ರಿಲ್ ಕೊನೆಗೆ ಬಂದದ್ದು ಸುಮಾರು 3,454 ಕೋಟಿ. ಈ ಅಂತರಕ್ಕೆ ಬೆಳಕಿನ ಅಂಕಿಯೇ ಕಾರಣವೆಂದು ನಾನು ಹೇಳುವುದಿಲ್ಲ. ನಿಯಮಗಳ ಲೆಕ್ಕ ಬೇರೆ ಇದೆ, ಎರಡು ಸರ್ಕಾರಗಳ ಜಗಳ ಬೇರೆ ಇದೆ. ನಾನು ಹೇಳುವುದು ಇಷ್ಟೆ: ಹಸಿರು ಬೇರೆ, ಕಾಳು ಬೇರೆ ಎಂಬ ಸಣ್ಣ ಮಾತನ್ನು ಒಂದು ರಾಜ್ಯವೇ ವಾದಮಾಡಿ ತಿಳಿಸಬೇಕಾಗಿ ಬಂತು. ಹಾಗಿರುವಾಗ ಎರಡೆಕರೆಯ ರೈತ ಒಬ್ಬನೇ ಕಛೇರಿಯ ಕಿಟಕಿಯ ಮುಂದೆ ನಿಂತು ಅದನ್ನು ಹೇಗೆ ತಿಳಿಸಿಯಾನು?

ಬೆಳೆವಿಮೆಯ ವಿಚಾರದಲ್ಲಿ ನಾವು ಈಗಲೇ ಎಚ್ಚರವಾಗಬೇಕು. ವಿಮೆಯ ಮಾತು ನಮ್ಮ ನಾಡಿಗೆ ಹೊಸದಲ್ಲ. 1920ರಲ್ಲಿಯೇ ಮೈಸೂರು ಸಂಸ್ಥಾನದ ಅಧಿಕಾರಿ ಜೆ. ಎಸ್. ಚಕ್ರವರ್ತಿಯವರು ಪುಸ್ತಕ ಬರೆದು, ಒಬ್ಬೊಬ್ಬನ ಹೊಲ ನೋಡಿ ನಷ್ಟ ಕಟ್ಟುವುದು ಕಷ್ಟ, ಮಳೆಮಾಪಕದ ಅಂಕಿಯನ್ನು ಹಿಡಿದು ಒಂದು ಪ್ರದೇಶಕ್ಕೆಲ್ಲ ಪರಿಹಾರ ಕೊಡಿ ಎಂದು ಯೋಜನೆ ಹೇಳಿದ್ದರು. ಅಂಕಿಯನ್ನು ಯಾರೂ ಬದಲಿಸಬಾರದು, ಎಲ್ಲರೂ ನೋಡುವಂತಿರಬೇಕು ಎಂಬುದು ಅಂಥ ಯೋಜನೆಯ ಜೀವಾಳ. ಸುಮಾರು ನೂರು ವರ್ಷದ ಬಳಿಕ, 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಮುಂಗಾರಿನ ಆಹಾರ ಬೆಳೆ, ಎಣ್ಣೆಕಾಳುಗಳಿಗೆ ರೈತ ನೂರಕ್ಕೆ ಎರಡು ಕಟ್ಟುತ್ತಾನೆ. ಕಟಾವು ಪ್ರಯೋಗದ ಸರಾಸರಿ ಇಳುವರಿ, ಹಿಂದಿನ ವರ್ಷಗಳಿಂದ ಕಟ್ಟಿದ ಮಿತಿಗಿಂತ ಕೆಳಗಿಳಿದರೆ ಪರಿಹಾರ. 2023ರಿಂದ ಭತ್ತಕ್ಕೂ ಗೋಧಿಗೂ ಈ ಇಳುವರಿಯ ನಿರ್ಣಯದಲ್ಲಿ ಉಪಗ್ರಹ ಮೊದಲಾದ ತಂತ್ರಜ್ಞಾನದ ಅಂದಾಜಿಗೆ ನೂರಕ್ಕೆ ಕನಿಷ್ಠ 30ರ ತೂಕ ಕೊಡಬೇಕೆಂದು ನಿಯಮವಾಯಿತು. 2024ರಲ್ಲಿ ಸೋಯಾ ಅವರೆ ಸೇರಿತು. ದಾರಿ ಯಾವ ಕಡೆಗೆ ಹೋಗುತ್ತಿದೆ ಎಂದು ಇದರಿಂದ ತಿಳಿಯುತ್ತದೆ. ಭತ್ತದ ತೆನೆ ಮೇಲಿದೆ; ಎಲೆ ನೋಡಿ ತಕ್ಕಮಟ್ಟಿಗೆ ಊಹಿಸಬಹುದು. ನಾಳೆ ಅದೇ ಅಳತೆಗೋಲು ಶೇಂಗಾಕ್ಕೆ ಬಂದರೆ, ಮಣ್ಣೊಳಗಿನ ಕಾಯಿಗೆ ಸಾಕ್ಷಿ ಯಾರು?

ಆದ್ದರಿಂದ ನಮ್ಮ ಕೇಳಿಕೆ "ಯಂತ್ರ ಬೇಡ" ಎಂಬುದಲ್ಲ. ಯಂತ್ರ ಬೇಡವೆಂದರೆ ಹಳೆಯ ಲೇಖನಿಯ ತುದಿಗೆ ಮತ್ತೆ ಸಿಕ್ಕಿಕೊಳ್ಳುತ್ತೇವೆ. ನಮ್ಮ ಕೇಳಿಕೆ ಮೂರು.

ಮೊದಲನೆಯದು, ಅಂಕಿ ಬಯಲಾಗಲಿ. ಹದಿನೈದು ದಿನಕ್ಕೊಮ್ಮೆ ನಮ್ಮ ಪಂಚಾಯಿತಿಯ ಹಸಿರಂಕಿ ಎಷ್ಟು, ಹಿಂದಿನ ವರ್ಷಗಳಲ್ಲಿ ಎಷ್ಟಿತ್ತು, ಯಾವ ಚೌಕದ ಅಳತೆ, ಯಾವ ಯಾವ ಬೆಳೆ ಅದರಲ್ಲಿ ಸೇರಿದೆ ಎಂಬುದನ್ನು ಕನ್ನಡದಲ್ಲಿ ಪಂಚಾಯಿತಿಯ ಫಲಕದ ಮೇಲೆ ಬರೆಯಲಿ. ಮಳೆಯ ಅಂಕಿಯೂ ಅದರ ಪಕ್ಕದಲ್ಲಿರಲಿ. ಖರ್ಚು ಒಂದು ಸೀಮೆಸುಣ್ಣ.

ಎರಡನೆಯದು, ನೆಲದ ಸಾಕ್ಷಿ ಊರಿನ ಮುಂದೆ ನಡೆಯಲಿ. ಬರದ ಕೈಪಿಡಿಯೇ ಬಾಧಿತ ತಾಲ್ಲೂಕಿನ ನೂರಕ್ಕೆ ಹತ್ತು ಹಳ್ಳಿಗಳಿಗೆ ಹೋಗಿ ಹೊಲ ನೋಡಿ ತಾಳೆ ಹಾಕಬೇಕೆಂದು ಹೇಳಿದೆ. ಯಾವ ಹಳ್ಳಿ, ಯಾವ ದಿನ ಎಂಬುದನ್ನು ಮೊದಲೇ ಸಾರಲಿ. ಶೇಂಗಾ, ಈರುಳ್ಳಿಯಂಥ ಮಣ್ಣೊಳಗಿನ ಬೆಳೆಗೆ ಕಿತ್ತು ತೂಗಿದ ತೂಕವೇ ಕೊನೆಯ ಮಾತಾಗಲಿ. ಬೆಳಕಿನ ಅಂಕಿ ದಾರಿ ತೋರಿಸಲಿ, ತೀರ್ಪು ಕೊಡದಿರಲಿ.

ಮೂರನೆಯದು ಸರ್ಕಾರಕ್ಕಲ್ಲ, ನಮಗೆ. ನಮ್ಮ ದಾಖಲೆ ನಾವು ಇಟ್ಟುಕೊಳ್ಳಬೇಕು. ಬಿತ್ತಿದ ದಿನ, ತಳಿ, ಮಳೆ ಬಿದ್ದ ದಿನ, ಹೂ ಬಂದ ದಿನ ಒಂದು ನೋಟುಬುಕ್ಕಿನಲ್ಲಿ ಬರೆಯಿರಿ. ಹದಿನೈದು ದಿನಕ್ಕೊಮ್ಮೆ ಹೊಲದ ಒಂದೇ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಕೊಯ್ಲಿಗೆ ಮುಂಚೆ ನಾಲ್ಕು ತೆನೆ ಸುಲಿದು, ನಾಲ್ಕು ಬುಡ ಕಿತ್ತು ಅದರದೂ ಚಿತ್ರ ತೆಗೆಯಿರಿ. ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲಕ್ಕೆ ಯಾವ ಬೆಳೆ ಬರೆದಿದೆ ಎಂದು ನೋಡಿ, ತಪ್ಪಿದ್ದರೆ ಅವಧಿಯೊಳಗೆ ತಕರಾರು ಹಾಕಿ. ಶೇಂಗಾವನ್ನು ಮೆಕ್ಕೆಜೋಳವೆಂದು ಬರೆದರೆ ಮುಂದಿನ ಲೆಕ್ಕವೆಲ್ಲ ತಪ್ಪು. ಕಾಲೇಜಿಗೆ ಹೋಗುವ ನಮ್ಮ ಹುಡುಗರು, ಹುಡುಗಿಯರು ಕಂಪ್ಯೂಟರಿನಲ್ಲಿ ಏನೇನೋ ನೋಡುತ್ತಾರೆ. ಪುಕ್ಕಟೆ ಸಿಗುವ ಸೆಂಟಿನೆಲ್ ಚಿತ್ರ ತೆರೆದು ನಮ್ಮ ಊರಿನ ಹೊಲಗಳ ಹಸಿರಂಕಿಯನ್ನು ಅವರೇ ತೆಗೆಯಲಿ. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನಿಗಳಿದ್ದಾರೆ, ಕರೆದು ಕೇಳೋಣ. ಅಧಿಕಾರಿ ಒಂದು ಅಂಕಿ ಹೇಳಿದಾಗ, "ಸ್ವಾಮಿ, ನಮ್ಮ ಲೆಕ್ಕದಲ್ಲಿ ಇಷ್ಟು ಬರುತ್ತದೆ, ಕಿತ್ತ ಬುಡದ ಚಿತ್ರ ಇಲ್ಲಿದೆ" ಎಂದು ನಾವು ಇನ್ನೊಂದು ಅಂಕಿ ಇಡಬಲ್ಲವರಾಗಬೇಕು. ಬೈದರೆ ಆಗದ ಕೆಲಸ ಲೆಕ್ಕ ಕೇಳಿದರೆ ಆಗುತ್ತದೆ.

ಕೊನೆಗೆ ಒಂದು ಮಾತು. ಬಿಚ್ಚುಗತ್ತಿ ಭರಮಣ್ಣನಾಯಕನ ಹೆಸರಿನ ಈ ಊರಿಗೆ ಅವನ ಕಾಲದ ದೊಡ್ಡ ಕೆರೆ ಇದೆ. ಎಷ್ಟೋ ವರ್ಷ ಅದು ಒಣಗಿದ್ದುದನ್ನು ಕಂಡಿದ್ದೇವೆ. ಈಚಿನ ವರ್ಷಗಳಲ್ಲಿ ತುಂಗಭದ್ರೆಯ ನೀರು ಪೈಪಿನಲ್ಲಿ ಬಂದು ತುಂಬಿದ್ದನ್ನೂ ಕಂಡಿದ್ದೇವೆ. ಕೆರೆಯಲ್ಲಿ ನೀರು ಎಷ್ಟಿದೆ ಎಂದು ತಿಳಿಯಲು ನಾವು ಯಾವ ಕಛೇರಿಗೂ ಅರ್ಜಿ ಹಾಕುವುದಿಲ್ಲ. ಏರಿಯ ಮೇಲೆ ನಡೆದುಹೋಗುವ ಕುರಿಗಾಹಿ ಹುಡುಗನಿಗೂ ಅದು ಕಾಣುತ್ತದೆ. ಕಾಣುವುದರಿಂದಲೇ ನೀರಿನ ಲೆಕ್ಕದಲ್ಲಿ ಅವನಿಗೆ ಸುಳ್ಳು ಹೇಳಲು ಆಗುವುದಿಲ್ಲ. ಬೆಳಕಿನ ಲೆಕ್ಕವೂ ಹಾಗೆಯೇ ಊರಿನ ಕಣ್ಣೆದುರಿಗೆ ಬರಬೇಕು. ಬಿಸಿಲು ಎಲ್ಲರ ಹೊಲದ ಮೇಲೂ ಬೀಳುತ್ತದೆ. ಅದು ಹಿಂದಿರುಗಿ ಹೇಳುವ ಮಾತನ್ನು ಓದುವ ಹಕ್ಕೂ ಎಲ್ಲರದಾಗಲಿ.